ಬೆನ್ನಿನೊಳಗಿನ ಹಾಳೆ

ಪುಸ್ತಕಕ್ಕೆ ರಟ್ಟು ಕಟ್ಟುವುದರಲ್ಲಿ ರಟ್ಟಣ್ಣನದು ಎತ್ತಿದ ಕೈ. ಆದರೆ ಅವನಿಗೆ ಅಚ್ಚುಕಟ್ಟೆಂಬ ರೋಗವಿತ್ತು. ಹರಿದ ಹಾಳೆ, ಕಲೆ ಬಿದ್ದ ಅಂಚು ಕಂಡರೆ ಸಾಕು, ಕತ್ತರಿ ತಾನಾಗಿ ಕೈಗೆ ಬರುತ್ತಿತ್ತು.

ಆ ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ಅಚ್ಚುಮನೆ ನಡೆಸುವ ತಂಗಿ ಒಂದು ಕಾಗದ, ಒಂದು ಹಳೆಯ ಪುಸ್ತಕ ಹಿಡಿದು ಬಂದಳು. ಮುಖ ಬಾಡಿತ್ತು.

"ಅಣ್ಣಾ, ನನ್ನ ಒಗಟಿನ ಪುಸ್ತಕಾನ ಗಡಿಯಲ್ಲಿ ತಡೆದಿದಾರೆ."

ಹಳೆಯ ಒಗಟಿನ ಪುಸ್ತಕಕ್ಕೆ ಅವಳೇ ಹೊಸ ಚಿತ್ರ ಬರೆದು, ನೆರೆದೇಶದ ಶಾಲೆಗಳಿಗೆಂದು ಅಚ್ಚು ಹಾಕಿದ್ದಳು. ಮೂರು ವರ್ಷದ ದುಡಿಮೆ. ಒಗಟು ಬರೆದಾತ ಸತ್ತು ಅರವತ್ಮೂರು ವರ್ಷ. ಇಲ್ಲಿನ ಕಾನೂನಿನಲ್ಲಿ ಬರೆದವರು ಸತ್ತ ಅರವತ್ತು ವರ್ಷಕ್ಕೆ ಪುಸ್ತಕ ಎಲ್ಲರ ಸೊತ್ತು. ಅಲ್ಲಿ ಎಪ್ಪತ್ತು ವರ್ಷ ಕಾಯಬೇಕು.

"ಸತ್ತೋನು ಒಬ್ಬನೇ, ಲೆಕ್ಕ ಎರಡಾ?"

"ದೇಶಕ್ಕೊಂದು ಲೆಕ್ಕ. ಆದ್ರೆ ಪುಸ್ತಕ ಮೊದಲು ಅಚ್ಚಾಗಿದ್ದು ನಮ್ಮಲ್ಲೇ ಅಂತ ತೋರಿಸಿದ್ರೆ ಅವ್ರೂ ನಮ್ಮ ಅರವತ್ತನ್ನೇ ಒಪ್ತಾರಂತೆ. ಆ ಪುಣ್ಯಾತ್ಮ ಅರ್ಧ ಆಯಸ್ಸು ಇಲ್ಲಿ, ಅರ್ಧ ಅಲ್ಲಿ ಕಳೆದಿದಾನೆ. ಮೊದಲ ಮುದ್ರಣದ ಪ್ರತಿ ಅಂತ ಉಳಿದಿರೋದು ಗ್ರಂಥಾಲಯದ ಇದೊಂದೇ. ಎಲ್ಲಿ ಅಚ್ಚಾಯ್ತು ಅನ್ನೋ ಕೊನೇ ಹಾಳೇನೇ ಇಲ್ಲ. ಯಾವನೋ ಕಟುಕ ಕತ್ತರಿಸಿದಾನೆ! ನಾಡಿದ್ದರೊಳಗೆ ತೋರಿಸ್ದಿದ್ರೆ ಅಷ್ಟನ್ನೂ ಪುಡಿ ಮಾಡ್ತಾರೆ."

ಅವಳು ಮೇಜಿನ ಮೇಲಿಟ್ಟ ಪುಸ್ತಕದ ರಟ್ಟಿನ ಕಂದು ಬಟ್ಟೆ, ಒತ್ತೊತ್ತಾದ ಹೊಲಿಗೆ ಎರಡೂ ರಟ್ಟಣ್ಣನ ಕೈಕೆಲಸವೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ಕತ್ತರಿಯನ್ನು ಕಾಗದದ ಕಂತೆಯ ಕೆಳಗೆ ಸರಿಸಿತು. ಸುಮ್ಮನಿದ್ದುಬಿಡಬಹುದಿತ್ತು. ತಂಗಿಯ ಮುಖ ನೋಡಿ ಆಗಲಿಲ್ಲ.

"ಆ ಕಟುಕ ನಾನೇ ಕಣೇ. ಮೂವತ್ತು ವರ್ಷದ ಹಿಂದೆ. ಎಣ್ಣೆ ಕಲೆ ಆಗಿತ್ತು."

ಅವಳು ಕುರ್ಚಿಯಲ್ಲಿ ಕುಸಿದಳು. "ಅಣ್ಣ ಅಂತ ಸುಮ್ನಿದೀನಿ. ಕತ್ತರಿಸಿದ ಹಾಳೆ ಏನು ಮಾಡ್ದೆ?"

ರಟ್ಟಣ್ಣನ ಕಣ್ಣರಳಿತು. ಕಸುಬು ಕಲಿಸಿದ ಅಪ್ಪ ಒಂದು ಚೂರು ಕಾಗದವನ್ನೂ ಎಸೆಯಗೊಡುತ್ತಿರಲಿಲ್ಲ. ಬೇಡದ ಹಾಳೆಯನ್ನೆಲ್ಲ ಬಟ್ಟೆಯ ಒಳಗೆ, ಪುಸ್ತಕದ ಬೆನ್ನಿಗೆ ಗಟ್ಟಿಯಾಗಲೆಂದು ಅಂಟಿಸುವುದು ಮನೆಯ ಪದ್ಧತಿ. ಆದರೆ ಅಂದು ಕಟ್ಟಿದ್ದು ಒಂದು ರಾಶಿ ಪುಸ್ತಕ. ಯಾವ ಹಾಳೆ ಯಾರ ಬೆನ್ನೇರಿತೋ!

ಕೆಟಲಿನ ಹಬೆಗೆ ಪುಸ್ತಕದ ಬೆನ್ನು ಹಿಡಿದ. ಅಂಟು ಮೆತ್ತಗಾಯಿತು, ಬಟ್ಟೆ ಬಿಟ್ಟುಕೊಂಡಿತು. ಮೊದಲು ಸಿಕ್ಕಿದ್ದು ಯಾವುದೋ ರೈಲು ವೇಳಾಪಟ್ಟಿ. ತಂಗಿ ಮುಖ ತಿರುಗಿಸಿದಳು. ಅದರಡಿ ಮಡಿಸಿ ಅಂಟಿಸಿದ ಇನ್ನೊಂದು ಹಾಳೆ, ಎಣ್ಣೆ ಕಲೆ ಸಮೇತ. ಮೆಲ್ಲಗೆ ಬಿಡಿಸಿದ.

"ಮೊದಲ ಮುದ್ರಣ..." ಓದುತ್ತಿದ್ದ ತಂಗಿಯ ದನಿ ಏರಿತು. "ಅಣ್ಣಾ, ನಮ್ಮೂರು! ನಮ್ಮೂರಲ್ಲೇ ಅಚ್ಚಾಗಿದ್ದು!"

ರಟ್ಟಣ್ಣನಿಗೆ ಹೋದ ಜೀವ ಬಂದಂತಾಯಿತು. ತಂಗಿ ನಗುತ್ತಲೇ ಕಣ್ಣೊರೆಸಿಕೊಂಡು ಹಾಳೆಯ ಫೋಟೋ ಗಡಿಯ ಅಧಿಕಾರಿಗಳಿಗೆ ಕಳಿಸಿದಳು. ಮರುದಿನ ಬೆಳಗ್ಗೆ ಉತ್ತರ ಬಂತು: ಪುಸ್ತಕಗಳನ್ನು ಬಿಟ್ಟಿದ್ದೇವೆ.

ಅಷ್ಟರಲ್ಲಿ ಅವನು ಆ ಹಾಳೆಯನ್ನು ಹಳೆಯ ಪುಸ್ತಕದ ಕೊನೆಗೆ, ಅದರ ಜಾಗದಲ್ಲೇ ಹೊಲಿದಿದ್ದ, ಕಲೆಯನ್ನು ಮುಟ್ಟಿರಲಿಲ್ಲ. ತಂಗಿ ತನ್ನ ಹೊಸ ಪುಸ್ತಕದ ಒಂದು ಪ್ರತಿ ತಂದು ಕೊನೆಯ ಪುಟ ತೆರೆದಳು: ಈ ಚಿತ್ರಗಳನ್ನು ಯಾವ ದೇಶದಲ್ಲಾದರೂ ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಬರೆದವಳ ಹೆಸರು ಮಾತ್ರ ಉಳಿಸಿ.

"ನನ್ನ ಚಿತ್ರಕ್ಕೆ ಯಾರೂ ಯಾರ ಸಾವಿನ ಲೆಕ್ಕಾನೂ ಹಾಕೋದು ಬೇಡ. ಷರತ್ತು ಒಂದೇ, ಹೆಸರಿರೋ ಈ ಹಾಳೆ ಉಳೀಬೇಕು. ನಿನ್ನನ್ನೂ ಸೇರಿಸಿಯೇ ಹೇಳ್ತಿದೀನಿ."

ಆ ಪುಟದ ಅಂಚು ಕೂದಲೆಳೆಯಷ್ಟು ಓರೆಯಾಗಿತ್ತು. ರಟ್ಟಣ್ಣ ನೋಡಿದ, ಇನ್ನೊಮ್ಮೆ ನೋಡಿದ. ಆಮೇಲೆ ಕತ್ತರಿಯನ್ನು ಡ್ರಾಯರಿಗೆ ಹಾಕಿ, ಬೀಗದ ಕೈಯನ್ನು ತಂಗಿಗೆ ಕೊಟ್ಟ.