ಸ್ತೋತ್ರದ ಕೆಳಗಿನ ದನಿ

ಹಗ್ಗದಕ್ಕನ ಮನೆಯಲ್ಲಿ ಸಂಜೆಯ ಪ್ರಾರ್ಥನೆ ತಪ್ಪಿದ್ದೇ ಇಲ್ಲ. ಜ್ವರ ಬಂದರೂ ಇಲ್ಲ, ಜಗಳವಾದರೂ ಇಲ್ಲ. ಗಂಡ ಹೆಂಡತಿ ಮುಖ ಗಂಟಿಕ್ಕಿಕೊಂಡ ದಿನ ಚಾಪೆಯ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತು ಹಾಡಿದ್ದುಂಟೇ ಹೊರತು, ಹಾಡದೆ ಮಲಗಿದ್ದಿಲ್ಲ. ಹಾಡು ಮುಗಿಯುವ ಹೊತ್ತಿಗೆ ಹೇಗೋ ಇಬ್ಬರೂ ಚಾಪೆಯ ನಡುವಿಗೆ ಬಂದಿರುತ್ತಿದ್ದರು ಎಂದು ಮಗ ಈಗಲೂ ಗೇಲಿ ಮಾಡುತ್ತಾನೆ.

ಅದು ಬಾವಿ ತೋಡುವವರ ಮನೆ. ಗಂಡ ಕೆಳಗಿಳಿದು ಅಗೆಯುತ್ತಿದ್ದ; ಇವಳು ಮೇಲೆ ನಿಂತು ರಾಟೆಯ ಹಗ್ಗ ಹಿಡಿಯುತ್ತಿದ್ದಳು. ಬುಟ್ಟಿ ಮಣ್ಣು ಮೇಲೆಳೆದು ಎಳೆದು ಅವಳ ಅಂಗೈ ಒರಟು ಚರ್ಮದ ಚೀಲದಂತಾಗಿತ್ತು. ಹಾಗಾಗಿ ಊರವರ ಬಾಯಲ್ಲಿ ಅವಳು ಹಗ್ಗದಕ್ಕ. ತವರಿನವರು ಇಟ್ಟ ಹೆಸರು ಸಭೆಯ ಪಾದ್ರಿಗಳಿಗೆ ಬಿಟ್ಟರೆ ಇನ್ನಾರಿಗೂ ನೆನಪಿದ್ದಂತಿರಲಿಲ್ಲ.

ಬಾವಿ ಆಳವಾದಂತೆಲ್ಲ ತಳದಲ್ಲಿ ಕೆಟ್ಟ ಗಾಳಿ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ಎಷ್ಟೋ ಸಲ ವಾಸನೆಯೂ ಇರುವುದಿಲ್ಲ. ಮನುಷ್ಯನಿಗೆ ತೂಕಡಿಕೆ ಬಂದಂತಾಗಿ ಮೊಣಕಾಲು ಮಡಚಿಕೊಳ್ಳುತ್ತದೆ, ಅಷ್ಟೆ. ಅದಕ್ಕೆಂದೇ ಈ ಮನೆಯವರು ಒಂದು ಪದ್ಧತಿ ಇಟ್ಟುಕೊಂಡಿದ್ದರು: ಕೆಳಗಿದ್ದವರು ಹಾಡುತ್ತಲೇ ಇರಬೇಕು. ಹಾಡು ಕೇಳಿಸುವವರೆಗೆ ಕೆಳಗೆ ಉಸಿರಿದೆ. ನಿಂತಿತೆಂದರೆ ಯಾಕೆ ಏನು ಎಂದು ಕೇಳುತ್ತಾ ಕೂರದೆ ಹಗ್ಗ ಎಳೆಯಬೇಕು. ಬೇರೆ ಹಾಡು ಬಾರದ ಜನ; ಕೀರ್ತನೆಗಳನ್ನೇ ಹಾಡುತ್ತಿದ್ದರು. ಮಣ್ಣಿನೊಳಗಿಂದ ದೇವರ ಹೆಸರು ಬುಗುಬುಗು ಮೇಲೆ ಬರುವುದನ್ನು ಕೇಳಲೆಂದೇ ದಾರಿಹೋಕರು ನಿಲ್ಲುತ್ತಿದ್ದರು.

ಹಾಡುವುದರಲ್ಲಿ ಗಂಡನದು ಪೀಪಿಯಂಥ ದನಿ. ಅವನ ಜೊತೆ ಇಳಿಯುತ್ತಿದ್ದವನು ಅವನ ತಂಗಿಯ ಗಂಡ. ಅವನ ದನಿ ಎಷ್ಟು ತಗ್ಗು ಎಂದರೆ, ಚಾವಡಿಯಲ್ಲಿ ಕೂತು ಹಾಡಿದರೆ ಅಡುಗೆಮನೆಯ ತಟ್ಟೆಗಳು ಜುಂ ಎನ್ನುತ್ತಿದ್ದವು. ಗುಡುಗಪ್ಪ ಎಂದೇ ಕರೆಯುತ್ತಿದ್ದರು. ಎರಡು ಸಂಸಾರಕ್ಕೂ ನಡುವೆ ಒಂದೇ ಗೋಡೆ, ಮುಂದೆ ಒಂದೇ ಜಗುಲಿ, ಸಂಜೆ ಒಂದೇ ಚಾಪೆ.

ಶಾಲೆಯ ಹಿಂದಿನ ಬಾವಿ ತೋಡುವಾಗ ಅದು ನಡೆಯಿತು. ಕೆಳಗೆ ಇಬ್ಬರೂ ಹಾಡುತ್ತಿದ್ದರು. ಪೀಪಿ ದನಿ ತೊದಲಿತು, ಆಮೇಲೆ ನಿಂತಿತು. ಇದ್ದದ್ದು ಒಂದೇ ಹಗ್ಗ. ಗುಡುಗಪ್ಪ ಅದನ್ನು ತನ್ನ ಸೊಂಟಕ್ಕೆ ಕಟ್ಟಿಕೊಳ್ಳಲಿಲ್ಲ. ಬಿದ್ದಿದ್ದ ಭಾವನ ಕಂಕುಳಿಗೆ ಬಿಗಿದು, ಎಳೆಯಿರಿ ಎಂದು ಜಗ್ಗಿದ. ಹಗ್ಗದಕ್ಕ ಮತ್ತು ಮಗ ಎಳೆದರು. ಕೆಳಗೆ ಗುಡುಗಪ್ಪ ಹಾಡುತ್ತಲೇ ಇದ್ದ. ಹಗ್ಗ ಮತ್ತೆ ಇಳಿಯುವವರೆಗೆ ತಾನಿದ್ದೇನೆ ಎಂದು ತಿಳಿಸಬೇಕಲ್ಲ.

ಗಂಡನ ತಲೆ ಬಾವಿಯ ಬಾಯಿಗೆ ಬಂತು. ಮಣ್ಣು ಮೆತ್ತಿದ ರೆಪ್ಪೆ ಅಲುಗಿತು. ಅದನ್ನು ಕಂಡದ್ದೇ ಹಗ್ಗದಕ್ಕ ಎದೆ ತುಂಬಿ, “ಸ್ತೋತ್ರ ಕರ್ತನೇ, ಸ್ತೋತ್ರ!” ಎಂದು ಕೂಗಿದಳು. ಶಾಲೆಯ ಮಕ್ಕಳು ಕಿಟಕಿಗೆ ಓಡಿ ಬರುವಷ್ಟು ಜೋರಾಗಿ, ಉಸಿರು ಮುಗಿಯುವವರೆಗೂ ಕೂಗಿದಳು. ಕೂಗು ಮುಗಿದಾಗ ಬಾವಿ ಸುಮ್ಮನಿತ್ತು. ಹಾಡು ಅವಳ ಸ್ತೋತ್ರದೊಳಗೆಲ್ಲೋ ನಿಂತುಹೋಗಿತ್ತು. ಯಾವಾಗ ನಿಂತಿತೆಂದು ಅವಳಿಗೆ ತಿಳಿಯಲಿಲ್ಲ. ಮಗ ಗಂಟು ಬಿಚ್ಚಿ ಇಳಿಬಿಟ್ಟ ಹಗ್ಗವನ್ನು ಹಿಡಿಯಲು ಕೆಳಗಿನಿಂದ ಕೈ ಬರಲಿಲ್ಲ.

ಅಂದಿನಿಂದ ಆ ಮನೆ ದೇವರದಾಯಿತು. ಮೊದಲೂ ಭಕ್ತಿಯ ಮನೆಯೇ. ಈಗ ಉಸಿರಾಡುವುದೂ ದೇವರಿಗಾಗಿಯೇ ಎಂಬಂತಾಯಿತು. ಗಂಡ ಬಾವಿ ಗುರುತು ಮಾಡುವ ಮುನ್ನ ಆ ನೆಲಕ್ಕೆ ಹಣೆ ಹಚ್ಚುತ್ತಿದ್ದ. ಹೊಸ ಬಾವಿಯ ಮೊದಲ ಕೊಡ ನೀರು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಿತ್ತು. ಮಗ ರೋಗಿಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆರಾಧನೆಗೆ ತರುತ್ತಿದ್ದ. ಹಗ್ಗದಕ್ಕನೋ, ಸಭೆಯ ನೆಲ ಒರೆಸಿದಳು, ಬೆಂಚು ಒರೆಸಿದಳು, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು. “ಅಕ್ಕಾ, ಇನ್ನು ಸ್ವಲ್ಪ ಉಜ್ಜಿದ್ರೆ ಬೆಂಚು ಸವೆದು ಜನ ನೆಲದ ಮೇಲೆ ಕೂರಬೇಕಾಗತ್ತೆ,” ಎಂದು ಪಾದ್ರಿಗಳೇ ನಕ್ಕರು. ಅವಳು ನಗಲಿಲ್ಲ.

ಇಷ್ಟೆಲ್ಲದರ ನಡುವೆ ಒಂದು ಕೆಲಸ ಸದ್ದಿಲ್ಲದೆ ನಡೆಯಿತು. ಸಂಜೆ ಪ್ರಾರ್ಥನೆಗೆ ಕೂರುವಾಗ ಜಗುಲಿಯ ಕಡೆಯ ಕಿಟಕಿ ಮುಚ್ಚತೊಡಗಿದರು; ಹಾಡನ್ನು ತಗ್ಗಿಸಿದರು. ಗೋಡೆಯಾಚೆ ನಾದಿನಿ ಒಬ್ಬಳೇ ಇದ್ದಳು. ಉಳಿದು ಬಂದವರು ಸ್ತೋತ್ರ ಹಾಡುವುದನ್ನು ಉಳಿಯದವನ ಹೆಂಡತಿ ಹೇಗೆ ಕೇಳಿಯಾಳು? ಪ್ರಾರ್ಥನೆಗೆ ಬಾ ಎಂದು ಕರೆಯಲು ಯಾರಿಗೂ ಬಾಯಿ ಬರಲಿಲ್ಲ. ಅವಳೂ ಬರಲಿಲ್ಲ. ಭಾನುವಾರ ಸಭೆಯ ಹಿಂದಿನ ಬೆಂಚಿನಲ್ಲಿ ಕೂತು ಎದ್ದುಹೋಗುತ್ತಿದ್ದಳು.

ಕಿಟಕಿ ಮುಚ್ಚಿದ ಮೇಲೆಯೇ ಹಗ್ಗದಕ್ಕನಿಗೆ ಆ ದನಿ ಕೇಳಿಸಲು ಶುರುವಾದದ್ದು.

ಮೊದಲ ಚರಣದಲ್ಲಿ ಏನೂ ಇರುತ್ತಿರಲಿಲ್ಲ. ಎರಡನೆಯದರಲ್ಲಿ, ಎಲ್ಲರ ದನಿಗಳ ಕೆಳಗೆ, ನೆಲವೇ ಗುನುಗಿದ ಹಾಗೆ ಒಂದು ತಗ್ಗು ದನಿ ಸೇರಿಕೊಳ್ಳುತ್ತಿತ್ತು. ಬೇರೆಯವರಾಗಿದ್ದರೆ ಭ್ರಮೆ ಎಂದು ತಳ್ಳಿಹಾಕುತ್ತಿದ್ದರೇನೋ. ಆದರೆ ಅವಳು ಜೀವಮಾನವೆಲ್ಲ ಬಾವಿಯ ಬಾಯಿಯಲ್ಲಿ ನಿಂತು ಕಿವಿಗೊಟ್ಟವಳು. ಕೆಳಗಿನಿಂದ ಹಾಡು ಬರುತ್ತಿದೆ ಎಂದರೆ ಅವಳ ಕೈಗಳಿಗೆ ಒಂದೇ ಅರ್ಥ: ಕೆಳಗೆ ಯಾರೋ ಇದ್ದಾರೆ, ಇನ್ನೂ ಉಸಿರಿದೆ, ಕಾಯುತ್ತಿದ್ದಾರೆ. ಹಾಡುತ್ತಾ ಹಾಡುತ್ತಾ ಅವಳ ಬೆರಳುಗಳು ತಾವಾಗಿಯೇ ಮಡಚಿಕೊಂಡು, ಇಲ್ಲದ ಹಗ್ಗವನ್ನು ಹಿಡಿಯುತ್ತಿದ್ದವು.

ತನಗೊಬ್ಬಳಿಗೇ ಎಂದುಕೊಂಡಿದ್ದಳು. ಹೊಸದಾಗಿ ಬಂದ ಸೊಸೆ ಒಂದು ದಿನ ಸೊಪ್ಪು ಸೋಸುತ್ತಾ, “ಅತ್ತೆ, ಮಾವ ನೋಡೋಕೆ ಹಂಚಿಕಡ್ಡಿ ಥರ ಇದ್ರೂ ಎಂಥಾ ತಗ್ಗು ದನಿ ಅಲ್ವಾ! ಎದೆ ನಡುಗತ್ತೆ,” ಎಂದಳು.

ಸೊಸೆ ಈ ಮನೆಗೆ ಕಾಲಿಟ್ಟಾಗ ಗುಡುಗಪ್ಪ ಮಣ್ಣಾಗಿದ್ದ. ಅವನ ದನಿ ಅವಳು ಕೇಳಿದವಳೇ ಅಲ್ಲ. ಹಗ್ಗದಕ್ಕನ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು.

ಅಂದು ಗಂಡ ಕೆಲಸದಿಂದ ಬಂದು ಕಾಲು ತೊಳೆಯುವಾಗ ಅವಳು ಹೇಳಿಯೇಬಿಟ್ಟಳು. “ರೀ, ಇನ್ಮೇಲೆ ಹಾಡೋದು ಬೇಡ. ಬಾಯಲ್ಲಿ ಪ್ರಾರ್ಥನೆ ಹೇಳಿ ಎದ್ದುಬಿಡೋಣ.”

“ಯಾಕೆ? ನನ್ನ ಪೀಪಿ ಅಷ್ಟೊಂದು ಕಿವಿಗೆ ಚುಚ್ಚುತ್ತಾ?”

“ತಮಾಷೆ ಬೇಡ. ನಾನು ಸ್ತೋತ್ರ ಅಂದಾಗೆಲ್ಲ ಕೆಳಗೆ ಯಾರೋ ಇದ್ದಾರೆ ಅನ್ಸುತ್ತೆ. ನಿಮ್ಮನ್ನ ಎತ್ತಿದ ಕೈ ಅವನನ್ನ ಯಾಕೆ ಬಿಡ್ತು ಅಂತ ಯಾರನ್ನ ಕೇಳ್ಲಿ? ದೇವರು ಕೊಟ್ಟಿದ್ದಕ್ಕೆ ಸಂತೋಷಪಟ್ಟರೆ ಕೆಳಗಿದ್ದವನ ಬಾಯಿ ಮುಚ್ಚಿದ ಹಾಗಾಗತ್ತೆ. ಪಡದಿದ್ರೆ ದೇವರಿಗೆ ದ್ರೋಹ.”

ಗಂಡ ಚೊಂಬು ಕೆಳಗಿಟ್ಟ. “ನನಗೆ ಕೇಳಿಸಲ್ಲ ಅಂದ್ಕೊಂಡ್ಯಾ?”

ಅವಳು ತಿರುಗಿ ಅವನ ಮುಖ ನೋಡಿದಳು.

“ದಿನಾ ಕೇಳಿಸತ್ತೆ ಕಣೇ. ಅದಕ್ಕೇ ಹಾಡ್ತೀನಿ. ನಾನು ನಿಲ್ಲಿಸಿದ್ರೆ ಅವನೊಬ್ಬನೇ ಆಗಿಬಿಡ್ತಾನಲ್ಲ.”

ಅವನು ಅಷ್ಟು ಹೇಳಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಒರೆಸಿಕೊಂಡ. ಹಗ್ಗದಕ್ಕನಿಗೆ ಸಮಾಧಾನವಾಗಲಿಲ್ಲ. ಮನಸ್ಸಿನ ಮೂಲೆಯಲ್ಲಿ ಬೇರೊಂದು ಸಂಶಯ ಹುಟ್ಟಿತು: ಗೋಡೆಯಾಚೆ ನಾದಿನಿಯೇ ತನ್ನ ಗಂಡನ ದನಿ ತೆಗೆದು ಹಾಡುತ್ತಿದ್ದರೆ? ನಿಮ್ಮ ಸ್ತೋತ್ರ ನನಗೆ ಕೇಳಿಸುತ್ತಿದೆ ನೋಡಿ ಎಂದು ಚುಚ್ಚುತ್ತಿದ್ದರೆ? ಹಾಗೇ ಇರಲಿ ಎಂದು ಆಸೆಯೂ ಆಯಿತು. ಚುಚ್ಚುವವಳ ಕಾಲಿಗಾದರೂ ಬೀಳಬಹುದು.

ಮರುದಿನ ಸಂಜೆ, ಚಾಪೆ ಹಾಸಿ ಕಿಟಕಿ ಮುಚ್ಚಿ ಎಲ್ಲರೂ ಹಾಡು ಎತ್ತಿಕೊಂಡಾಗ, ಅವಳು ಎದ್ದಳು. ಪ್ರಾರ್ಥನೆಯ ನಡುವೆ ಅವಳು ಏಳುವುದನ್ನು ಮಗ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವನ ಬಾಯಿ ಹಾಡುತ್ತಿದ್ದರೂ ಕಣ್ಣು ಅಮ್ಮನ ಹಿಂದೆಯೇ ಹೋಯಿತು. ಅವಳು ಜಗುಲಿ ದಾಟಿ, ತೆರೆದೇ ಇದ್ದ ಪಕ್ಕದ ಬಾಗಿಲಲ್ಲಿ ನಿಂತಳು.

ನಾದಿನಿ ಬಟ್ಟೆ ಹೊಲಿದು ಬದುಕುತ್ತಿದ್ದವಳು. ಮಣೆಯನ್ನು ನಡುಗೋಡೆಗೆ ಒತ್ತಿ ಹಾಕಿಕೊಂಡು, ಮಡಿಲಲ್ಲಿ ಯಾರದೋ ಗುಂಡಿಯಿಲ್ಲದ ಅಂಗಿ ಇಟ್ಟುಕೊಂಡು, ಸೂಜಿಯನ್ನು ಗಾಳಿಯಲ್ಲೇ ಹಿಡಿದು, ಕಿವಿಯನ್ನು ಗೋಡೆಗೆ ಹಚ್ಚಿ ಕೂತಿದ್ದಳು.

“ಏನತ್ತಿಗೆ, ಪಕ್ಕದ ಮನೆಗೆ ಬರೋಕೆ ಇಷ್ಟು ವರ್ಷ ಬೇಕಾಯ್ತಾ? ದಾರಿ ಗೊತ್ತಾಗಲಿಲ್ವೇನೋ,” ಎಂದಳು. ಕೂಡಲೇ ಕೈಯೆತ್ತಿ, “ಶ್... ಕೂತ್ಕೊಳ್ಳಿ. ಎರಡನೇ ಚರಣ ಬಂತು,” ಎಂದಳು.

ಹಗ್ಗದಕ್ಕ ನೆಲದ ಮೇಲೆಯೇ ಕೂತಳು. ಗೋಡೆಯೊಳಗಿಂದ ಗಂಡನ ಪೀಪಿ ಬಂತು, ಮಗನದು ಬಂತು, ಸೊಸೆಯದು ಬಂತು. ಅವುಗಳ ಕೆಳಗೆ ಇನ್ನೊಂದು ಬಂತು. ಅವಳು ನಾದಿನಿಯ ಬಾಯಿಯನ್ನೇ ನೋಡುತ್ತಿದ್ದಳು. ತುಟಿಗಳು ಕೂಡಿಕೊಂಡಿದ್ದವು. ಗಂಟಲೂ ಅಲುಗುತ್ತಿರಲಿಲ್ಲ.

“ಯಾರೇ ಅದು ಹಾಡ್ತಿರೋದು?” ಎಂದಳು ಹಗ್ಗದಕ್ಕ.

“ನನ್ನ ಕೇಳ್ತೀರಲ್ಲ. ನಿಮ್ಮನೇಲಿ ಯಾರೋ ಅವರ ಹಾಗೆ ಹಾಡೋಕೆ ಕಲಿತಿದ್ದಾರೆ ಅಂದ್ಕೊಂಡಿದ್ದೆ. ನಿಮ್ಮ ಮಗ ಇರಬೇಕು ಅಂತ...” ಅತ್ತಿಗೆಯ ಮುಖ ಕಂಡು ಅವಳಿಗೆ ತಿಳಿಯಿತು. ಸೂಜಿಯನ್ನು ಮೆಲ್ಲಗೆ ಅಂಗಿಗೆ ಚುಚ್ಚಿಟ್ಟಳು.

ಇಬ್ಬರೂ ಕೇಳುತ್ತಾ ಕೂತರು. ಭಯವಾಯಿತು, ಆದರೆ ಎದ್ದು ಓಡಿಹೋಗುವಂಥ ಭಯವಲ್ಲ. ಅದು ಇಬ್ಬರನ್ನೂ ಹತ್ತಿರ ಹತ್ತಿರ ಸರಿಸಿತು.

“ಕಿಟಕಿ ಯಾಕೆ ಮುಚ್ತೀರಿ ಅತ್ತಿಗೆ? ಗೋಡೆಗೆ ಕಿವಿ ಅಂಟಿಸಿ ಅಂಟಿಸಿ ನನ್ನ ಕುತ್ತಿಗೆ ಹಿಡ್ಕೊಂಡಿದೆ.”

“ನಿನಗೆ ನೋವಾಗತ್ತೆ ಅಂತ.”

“ಆಗತ್ತೆ. ನೀವು ಕಿಟಕಿ ಮುಚ್ಚಿದ್ರಿ, ನೋವು ನನ್ನ ಜೊತೆ ಒಳಗೇ ಉಳೀತು.”

ಹಗ್ಗದಕ್ಕ ತನ್ನ ಒರಟು ಅಂಗೈಗಳನ್ನು ನೋಡಿಕೊಂಡಳು. “ಅವತ್ತು ನಾನು ಕೂಗಿದ್ದು...”

“ಗೊತ್ತು. ಇವರಿಗೆ ಊಟ ತಗೊಂಡು ಶಾಲೆ ಹತ್ರ ಬರ್ತಿದ್ದೆ. ನಿಮ್ಮ ಕೂಗು ಕೇಳಿಸ್ತು. ಇಬ್ಬರೂ ಮೇಲೆ ಬಂದ್ರು ಅಂದ್ಕೊಂಡು ನಾನೂ ಬೀದಿ ನಡುವೆ ನಿಂತು ಸ್ತೋತ್ರ ಅಂದೆ.” ನಾದಿನಿ ಗೋಡೆಯ ಕಡೆಗೇ ಮುಖ ಮಾಡಿ ಮಾತಾಡುತ್ತಿದ್ದಳು. “ಆ ಸ್ತೋತ್ರನ ವಾಪಸ್ ತಗೊಂಡುಬಿಡ್ಲಾ ಅಂತ ಎಷ್ಟು ಸಲ ದೇವರ ಹತ್ರ ಜಗಳ ಆಡಿದೀನಿ. ತಗೊಳ್ಳೋಕೆ ಆಗಲಿಲ್ಲ. ಅಣ್ಣನಂತೂ ಬಂದಿದ್ದನಲ್ಲ.”

“ಅವನಿಗೂ ಕೇಳಿಸಿರತ್ತಾ, ನನ್ನ ಕೂಗು?”

“ಕೇಳಿಸದೆ ಏನು? ಬಾವಿಯೊಳಗೆ ಮೇಲಿನ ಮಾತೆಲ್ಲ ಕೇಳಿಸತ್ತಂತೆ. ಹೆಂಗಸರ ಮಾತೆಲ್ಲ ಕೇಳ್ಕೊಂಡು ಬಂದು ಮನೇಲಿ ನನ್ನ ಆಡ್ಕೊಂಡು ನಗ್ತಿದ್ರು.” ಅವಳು ನಗಲು ನೋಡಿದಳು. “ಕೇಳಿ ಏನಂದ್ಕೊಂಡ್ರೋ, ಅದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದನ್ನ ಕೆಳಗೆ ಅವರ ಜೊತೆ ಇದ್ದ ದೇವರೇ ಬಲ್ಲ.”

ಗೋಡೆಯಾಚೆ ಹಾಡು ಮುಗಿಯಿತು. ಪೀಪಿ ನಿಂತಿತು, ಉಳಿದ ದನಿಗಳೂ ನಿಂತವು. ತಗ್ಗು ದನಿ ಮಾತ್ರ, ಕೊನೆಯ ಸಾಲನ್ನು ಮುಗಿಸಲು ಅವಸರವಿಲ್ಲದವನಂತೆ, ಇನ್ನಷ್ಟು ದೂರ ನಡೆದು ಆಮೇಲೆ ನಿಂತಿತು.

ಹಗ್ಗದಕ್ಕ ಎದ್ದು ಕೈ ಚಾಚಿದಳು. “ಬಾ.”

“ಕರೆದಿದ್ರೆ ಯಾವತ್ತೋ ಬರ್ತಿದ್ದೆ,” ಎಂದಳು ನಾದಿನಿ. ಮಡಿಲ ಅಂಗಿಯನ್ನು ಕೊಡವಿ ಎದ್ದಳು.

ಇಬ್ಬರೂ ಒಳಗೆ ಬಂದಾಗ ಚಾಪೆಯ ಮೇಲಿದ್ದವರು ಏಳಲಿಲ್ಲ. ಗಂಡ ಸರಿದು ಜಾಗ ಮಾಡಿ, “ಬಾ ತಂಗಿ,” ಎಂದ. ಅವಳು ಕೂರುವ ಕಡೆ ಚಾಪೆಯ ಸುಕ್ಕನ್ನು ಅಂಗೈಯಿಂದ ಸವರಿದ. ಸೊಸೆ ಹೋಗಿ ಕಿಟಕಿಯ ಅಗುಳಿ ತೆಗೆದಳು. ಅಷ್ಟು ವರ್ಷ ಪ್ರಾರ್ಥನೆಯ ಹೊತ್ತಿಗೆ ಮುಚ್ಚುತ್ತಿದ್ದ ಕದ ಕಿರ್ರೆಂದು ಎರಡೂ ಕಡೆಗೆ ತೆರೆದುಕೊಂಡಿತು. ಬೀದಿಯ ಸದ್ದು ಒಳಗೆ ಬಂತು: ಸೈಕಲ್ಲಿನ ಗಂಟೆ, ಯಾರೋ ಮಗುವನ್ನು ಗದರಿಸುವುದು.

ಹಾಡನ್ನು ಮೊದಲಿನಿಂದ ಎತ್ತಿಕೊಂಡರು. ನಾದಿನಿಯ ದನಿ ಬಳಸದೆ ಕಟ್ಟಿಹೋಗಿತ್ತು. ಕರಕರ ಎನ್ನುತ್ತಲೇ ಸೇರಿಕೊಂಡಿತು. ಎರಡನೆಯ ಚರಣಕ್ಕೆ ಆ ದನಿಯೂ ಬಂತು. ಯಾವ ಮೂಲೆಯಿಂದ ಎಂದು ಈ ಸಲ ಹಗ್ಗದಕ್ಕ ಹುಡುಕಲಿಲ್ಲ. ಹಾಡು ಮುಗಿಸುವ ಅವಸರವನ್ನೂ ಮಾಡಲಿಲ್ಲ.

ಕೊನೆಯ ಸ್ತೋತ್ರ ಹೇಳುವುದು ಆ ಮನೆಯಲ್ಲಿ ಯಾವತ್ತೂ ಅವಳ ಕೆಲಸ. ದಿನವೂ ದೇವರು ಕೊಟ್ಟದ್ದನ್ನೆಲ್ಲ ಒಂದೊಂದಾಗಿ ಎತ್ತಿ ಹೇಳಿ, ಉಸಿರು ಕಟ್ಟುವವರೆಗೂ ಮುಂದುವರಿಸುತ್ತಿದ್ದಳು. ಇಂದು “ಸ್ತೋತ್ರ ಕರ್ತನೇ,” ಎಂದಳು, ಪಕ್ಕದಲ್ಲಿದ್ದವರಿಗೆ ಹೇಳುವಷ್ಟು ಮೆಲ್ಲಗೆ. ಹೇಳಿ ಬಾಯಿ ಮುಚ್ಚಿಕೊಂಡಳು. ಮೇಲಿನವರೆಲ್ಲ ಸುಮ್ಮನಾದರೆ ಕೆಳಗಿನವನಿಗೆ ಹೇಳಲು ಏನಾದರೂ ಇರಬಹುದೆಂದು ಕಿವಿಗೊಟ್ಟು ಕೂತಳು.

ಎಲ್ಲರೂ ಹಾಗೆಯೇ ಕಾಯುತ್ತಾ ಕೂತರು. ನಾದಿನಿ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಹೊರಗೆ ಬೀದಿದೀಪ ಹೊತ್ತಿಕೊಂಡಿತು. ಅದರ ಬೆಳಕು ಕಿಟಕಿಯಿಂದ ಚಾಪೆಯವರೆಗೂ ಬಂತು. ಆಗಲೂ ಆ ಮನೆಯಲ್ಲಿ ಯಾರೂ ಆಮೆನ್ ಅಂದಿರಲಿಲ್ಲ.