ಬಲಗಡೆಯ ಕಲೆ

“ಇನ್ನೊಂದ್ಸಲ ತೆಗೀಬೇಕಮ್ಮ. ಉಸಿರು ಎಳ್ಕೊಳ್ಳಿ. ಹಾಗೇ ಹಿಡ್ಕೊಳ್ಳಿ.”

ಎಕ್ಸ್‌-ರೇ ತೆಗೆಯುವವನ ದನಿ ಗೋಡೆಯಾಚೆಯಿಂದ ಬಂತು. ಅವಳು ತಣ್ಣನೆಯ ಹಲಗೆಗೆ ಎದೆಯೊತ್ತಿ, ಗಲ್ಲ ಮೇಲೆತ್ತಿ ಮತ್ತೆ ನಿಂತಳು. ಗಂಡನದು ಒಂದೇ ಸಲಕ್ಕೆ ಮುಗಿದಿತ್ತು. ದೊಡ್ಡ ಮಗಳದೂ ಅಷ್ಟೆ. ತನ್ನನ್ನು ಮಾತ್ರ ವಾಪಸು ಕರೆದಾಗಲೇ ಅವಳಿಗೆ ಗೊತ್ತಾಗಿಹೋಗಿತ್ತು. ಮದುವೆಯಾಗಿ ಹದಿನಾಲ್ಕು ವರ್ಷ ಮುಚ್ಚಿಟ್ಟದ್ದನ್ನು ಆ ಯಂತ್ರ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಕಂಡುಬಿಟ್ಟಿತ್ತು.

ವೈದ್ಯೆ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಎದೆಯ ಬಲಗಡೆ, ಮೇಲ್ಭಾಗದಲ್ಲಿ, ಸುಣ್ಣ ಸಿಡಿದ ಹಾಗೆ ಒಂದಿಷ್ಟು ಬಿಳಿ.

“ಯಾವತ್ತಾದ್ರೂ ಕ್ಷಯ ಬಂದಿತ್ತಾ?”

“ಇಲ್ಲ” ಎಂದಳು. ನಾಲಿಗೆಗೆ ಅದು ರೂಢಿಯಾಗಿತ್ತು.

ವೈದ್ಯೆ ವಲಸೆ ಅರ್ಜಿಯ ಜೊತೆಗಿದ್ದ ಆರೋಗ್ಯದ ಫಾರಂ ಅವಳತ್ತ ತಿರುಗಿಸಿದರು. ಗಂಡನೇ ತುಂಬಿದ್ದು. ಅವಳು ಪಕ್ಕದಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದಾಗ, ಒಂದು ಮಾತೂ ಕೇಳದೆ, ಪ್ರಶ್ನೆಗಳ ಮುಂದೆಲ್ಲ ‘ಇಲ್ಲ’ ಎಂದು ಬರೆದುಕೊಂಡು ಹೋಗಿದ್ದ. “ಗುಂಡುಕಲ್ಲಿನ ಹಾಗಿದ್ದೀಯ, ನಿನಗೇನು ಬಂದಿರುತ್ತೆ!” ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು.

“ನಿಮ್ಮನ್ನ ಸಿಕ್ಕಿಹಾಕಿಸೋಕೆ ಕೇಳ್ತಿಲ್ಲಮ್ಮ. ಇದು ಹಳೇ ಕಲೆ, ವಾಸಿಯಾಗಿರೋದೇ ಇರ್ಬೋದು. ಆದ್ರೆ ಸುಳ್ಳು ಬರೆದಿದ್ರೆ ಇಡೀ ಮನೆಯವರ ಅರ್ಜಿ ಬಿದ್ದುಹೋಗುತ್ತೆ.”

ಆಗ ಹೇಳಿದಳು. ಹದಿನೇಳನೇ ವಯಸ್ಸಿನಲ್ಲಿ. ಒಂಬತ್ತು ತಿಂಗಳು ಮಾತ್ರೆ. ಅಮ್ಮ ಅವಳನ್ನು ಚಿಕ್ಕಮ್ಮನ ಮನೆಯಲ್ಲಿಟ್ಟು, ಕೇಳಿದವರಿಗೆಲ್ಲ ಹೊಲಿಗೆ ಕಲಿಯೋಕೆ ಹೋಗಿದ್ದಾಳೆ ಎಂದಿದ್ದಳು. ಸುಳ್ಳಿಗೊಂದು ಕೈಕಾಲು ಇರಲೆಂದು ಚಿಕ್ಕಮ್ಮ ನಿಜವಾಗಿಯೂ ಹೊಲಿಗೆ ಕಲಿಸಿದಳು. ಇವತ್ತಿಗೂ ಅದೇ ಅವಳ ಕಸುಬು. ಮದುವೆ ಗೊತ್ತಾದ ದಿನ ಅಮ್ಮ ಆಸ್ಪತ್ರೆಯ ಚೀಟಿಗಳನ್ನೆಲ್ಲ ಒಲೆಗೆ ಹಾಕಿದಳು. “ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾವು ಹೇಳ್ತಿರೋದು ಒಂದೇ ಅಲ್ವೇನೆ?”

“ಚೀಟಿ ಇದ್ದಿದ್ರೆ ಸಲೀಸಾಗ್ತಿತ್ತು,” ಎಂದರು ವೈದ್ಯೆ. “ಈಗ ಮೂರು ದಿನ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬಂದು ಕಫ ಕೊಡಿ. ಅದರಲ್ಲಿ ರೋಗಾಣು ಬೆಳೆಯುತ್ತಾ ಅಂತ ನೋಡೋಕೆ ಎಂಟು ವಾರ ಬೇಕು.”

ಅವರು ವಲಸೆ ಹೊರಟಿದ್ದ ದೇಶದ ಬಸ್ ಡಿಪೋದಲ್ಲಿ ಗಂಡ ಮೆಕ್ಯಾನಿಕ್ ಕೆಲಸಕ್ಕೆ ಸೇರಬೇಕಾದ ದಿನಕ್ಕೆ ಆರೇ ವಾರ ಉಳಿದಿತ್ತು.

ಹೊರಗೆ ಬೆಂಚಿನ ಮೇಲೆ ಅವನು ಚಿಕ್ಕ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಹೆಂಡತಿ ಹೇಳಿದ್ದನ್ನು ಕೊನೆಯವರೆಗೂ ಕೇಳಿದ.

“ಮಕ್ಕಳಿಗೆ?”

“ಅವರಿಗೇನೂ ಇಲ್ವಂತೆ. ನನಗೂ ಈಗ ಏನೂ ಇಲ್ದೆ ಇರ್ಬೋದಂತೆ ರೀ.”

ಅವನು ಮಸಿ ಕೂತ ಉಗುರುಗಳನ್ನು ನೋಡಿಕೊಂಡ. “ಮೊದಲೇ ಹೇಳಿದ್ರೆ ನಾನೇನು ಬಿಟ್ಟುಹೋಗ್ತಿದ್ನಾ?” ಎಂದ. ಚಿಕ್ಕವಳನ್ನು ಬೆಂಚಿನ ಮೇಲೆ ಕೂರಿಸಿ, ಎದ್ದುಹೋಗಿ ನೀರು ಕುಡಿದು ಬಂದ.

ಮನೆಯಲ್ಲೂ ಅವನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮಕ್ಕಳ ಹಾಸಿಗೆಯನ್ನು ಸುತ್ತಿ ಹೊರಗಿನ ಕೋಣೆಗೆ ಹಾಕಿ, “ಫಲಿತಾಂಶ ಬರೋವರೆಗೂ ಅಷ್ಟೆ” ಎಂದ. ಮರುದಿನ ಅವಳ ಲೋಟ ಮಿಕ್ಕವುಗಳ ಜೊತೆಗಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಒಂಟಿಯಾಗಿ ಬೋರಲು ಬಿದ್ದಿತ್ತು. ಅವಳು ಅದನ್ನು ಅಲ್ಲಿಂದಲೇ ತೆಗೆದು ನೀರು ಕುಡಿದು ಅಲ್ಲೇ ಇಟ್ಟಳು.

ಕಫ ಕೊಡುವ ಕೋಣೆ ಕ್ಲಿನಿಕ್ಕಿನ ಹಿಂಭಾಗದಲ್ಲಿ, ಒಬ್ಬರೇ ನಿಲ್ಲುವಷ್ಟು ದೊಡ್ಡ ಗಾಜಿನ ಪೆಟ್ಟಿಗೆ. ತಲೆಯ ಮೇಲೊಂದು ಫ್ಯಾನು ಗಾಳಿಯನ್ನು ಹೊರಗೆಳೆಯುತ್ತಿತ್ತು. ಗಾಜಿನಾಚೆ ನಿಂತ ನರ್ಸು, “ಉಗುಳಲ್ಲ ತಾಯಿ, ಕಫ ಬೇಕು. ಹೊಟ್ಟೆಯಿಂದ ಕೆಮ್ಮಿ” ಎನ್ನುತ್ತಿದ್ದಳು. ಇಷ್ಟು ವರ್ಷ ಸಣ್ಣ ಕೆಮ್ಮು ಬಂದರೂ ಯಾರಿಗೂ ಕೇಳದ ಹಾಗೆ ನುಂಗಿಕೊಂಡವಳಿಗೆ, ಈಗ ಬೇಕೆಂದರೂ ಕೆಮ್ಮು ಬರುತ್ತಿರಲಿಲ್ಲ.

ಮೂರನೇ ದಿನ ಗಂಡನೂ ಮಕ್ಕಳೂ ಜೊತೆಗೆ ಬಂದರು. ಅವತ್ತು ಮಕ್ಕಳ ಲಸಿಕೆ. ಮನೆ ಬದಲಾಯಿಸುವಾಗ ಚಿಕ್ಕವಳ ಲಸಿಕೆ ಕಾರ್ಡು ಕಳೆದುಹೋಗಿದ್ದರಿಂದ ಅವಳಿಗೆ ಎಲ್ಲವೂ ಮತ್ತೆ ಮೊದಲಿನಿಂದ. ಮೂರು ಸೂಜಿ. “ಆಗಲೂ ಇದೇ ಕೊನೇದು ಅಂದ್ರಿ! ಎಷ್ಟು ಕೊನೇದು ಇದೆ ನಿಮ್ಮತ್ರ?” ಎಂದು ಅವಳು ಕಿರುಚಿದ್ದು ಗಾಜಿನ ಪೆಟ್ಟಿಗೆಯವರೆಗೂ ಕೇಳಿತು. ಒಳಗೆ ನಿಂತಿದ್ದ ಅಮ್ಮನಿಗೆ ನಗು ಬಂದು, ಆ ನಗುವಿಗೇ ಕೆಮ್ಮು ಬಂತು.

ಕಫದ ಡಬ್ಬಿಯ ಮುಚ್ಚಳ ಬಿಗಿದುಕೊಂಡು ಬರುವಾಗ, ತಿರುವಿನಲ್ಲಿ ಗಂಡನ ದನಿ ಕೇಳಿ ನಿಂತಳು. ಅವನು ವಲಸೆ ಅರ್ಜಿ ನೋಡಿಕೊಳ್ಳುವ ಕೌಂಟರಿನ ಮೇಲೆ ಬಗ್ಗಿದ್ದ.

“ಎಂಟು ವಾರ ಕಾದ್ರೆ ನನ್ನ ಕೆಲಸ ಹೋಗುತ್ತೆ ಮೇಡಂ. ನಾವು ಮೂರು ಜನ ಮೊದಲು ಹೋಗಕ್ಕಾಗುತ್ತಾ?”

“ಆಗುತ್ತೆ ಸರ್. ಮಕ್ಕಳನ್ನ ಕಳಿಸೋಕೆ ತಾಯಿ ಒಪ್ಪಿಗೆಗೆ ಸಹಿ ಹಾಕ್ಬೇಕು. ಅವರದು ಆಮೇಲೆ ಬೇರೆ ಅರ್ಜಿ.”

“ಆಮೇಲೆ ಅಂದ್ರೆ?”

“ಅದು ಹೇಳಕ್ಕಾಗಲ್ಲ. ವರ್ಷ ಆಗ್ಬೋದು, ಎರಡಾದ್ರೂ ಆಗ್ಬೋದು.”

ಅವನು ತಿರುಗಿದ. ಅವಳನ್ನು ಕಂಡು ಮುಖ ಸಣ್ಣದಾಯಿತು. “ನಿನ್ನನ್ನ ಕೇಳೋಣ ಅಂತಲೇ...”

ದೊಡ್ಡವಳು ಶಾಲೆಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಗೆಳತಿಯರು ಪುಸ್ತಕದಲ್ಲಿ ಬೀಳ್ಕೊಡುಗೆಯ ಮಾತು ಬರೆದುಕೊಟ್ಟಿದ್ದರು. ತನ್ನೊಂದು ಸುಳ್ಳಿಗೆ ನಾಲ್ಕು ಜನ ಇಲ್ಲೇ ಕೂರುವುದೇ?

“ಎಲ್ಲಿ ಸಹಿ ಮಾಡ್ಬೇಕು?”

“ಇವತ್ತೇ ಬೇಡ. ಯೋಚನೆ ಮಾಡು.”

“ನೀವು ಮಾಡಿದ್ದೀರಲ್ಲ.”

ಕೌಂಟರಿನ ಹುಡುಗಿ ತೋರಿಸಿದ ಎರಡು ಕಡೆ ಅವಳು ಸಹಿ ಹಾಕಿದಳು. ಡಬ್ಬಿ ಎಡಗೈಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ಯಾರೂ ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಚಿಕ್ಕವಳಿಗೆ ಜ್ವರ ಏರಿತು. ಗಂಡ ಕಾಗದಪತ್ರ ಹಿಡಿದು ಹೊರಗೆ ಹೋಗಿದ್ದ. ಹೊರಗಿನ ಕೋಣೆಯಿಂದ “ಅಮ್ಮಾ” ಎಂಬ ಕೂಗು ಎರಡು ಸಲ ಬಂತು. ಅವಳು ಬೋಗುಣಿಗೆ ತಣ್ಣೀರು ತುಂಬಿಕೊಂಡು, ಹಣೆಗೆ ಹಾಕಲು ಒಂದು ಬಟ್ಟೆ ತೆಗೆದುಕೊಂಡು, ಮೂಗು ಬಾಯಿ ಮುಚ್ಚುವ ಹಾಗೆ ಕರವಸ್ತ್ರ ಕಟ್ಟಿಕೊಂಡು ಒಳಗೆ ಹೋದಳು.

ಮಗು ಕಣ್ಣು ಬಿಟ್ಟು ನೋಡಿತು. “ಅಮ್ಮ, ಕಳ್ಳನ ತರ ಕಾಣ್ತೀಯ.”

“ಹೌದಾ?”

“ಹೂಂ. ತೆಗಿ ಅದನ್ನ.”

“ಜ್ವರ ಇಳೀಲಿ, ತೆಗೀತೀನಿ.”

ಚಿಕ್ಕವಳು ಅವಳ ಕೈಯ ಎರಡು ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹಾಗೆಯೇ ನಿದ್ದೆಹೋದಳು. ಸ್ವಲ್ಪ ಹೊತ್ತಿಗೆ ಬೋಗುಣಿಯ ನೀರು ಬೆಚ್ಚಗಾಯಿತು. ಎದ್ದು ಬದಲಾಯಿಸಬೇಕಿತ್ತು. ಅವಳು ಒಂದೇ ಕೈಯಲ್ಲಿ ಬಟ್ಟೆಯನ್ನು ಹಿಂಡಿ, ಮತ್ತೆ ಅದೇ ನೀರಿಗೆ ಅದ್ದಿದಳು.