ಪೂರ್ವಪಕ್ಷ ಹೊತ್ತ ಹಲಸಿನ ಹಲಗೆ

ನಾನು ಒಂದು ವ್ಯಾಸಪೀಠ. ಗ್ರಂಥ ನೆಲಕ್ಕೆ ತಾಗಬಾರದೆಂದು ಅದನ್ನು ಎತ್ತಿ ಹಿಡಿಯುವ, ಮಡಚಿಡಬಹುದಾದ ಮರದ ಪೀಠ. ನಂಜನಗೂಡಿನ ಬಡಗಿ ಮಾಯಾಚಾರಿ ಒಂದೇ ಹಲಸಿನ ಹಲಗೆಯನ್ನು ನಡುವೆ ಸೀಳಿ, ಮೊಳೆಯಿಲ್ಲದೆ ಅಂಟಿಲ್ಲದೆ, ಎರಡು ರೆಕ್ಕೆ ಒಂದರೊಳಗೊಂದು ಹೊಕ್ಕು ನಿಲ್ಲುವಂತೆ ನನ್ನನ್ನು ಮಾಡಿದ. ಹುಟ್ಟುವಾಗಲೇ ಸೀಳಿಸಿಕೊಂಡಾಯಿತು, ಇನ್ನು ಯಾವುದಕ್ಕೂ ಬೆಚ್ಚುವುದಿಲ್ಲ ಅಂದುಕೊಂಡಿದ್ದೆ. ಎಂಥ ಮಂಕು ನಾನು!

ಮೊದಲು ಒಬ್ಬ ಪುರಾಣಿಕರ ಮನೆಯಲ್ಲಿದ್ದೆ. ಕಥೆಯ ಭರದಲ್ಲಿ ಅವರು ಗುದ್ದಿದ ಗುದ್ದಿಗೆ ನನ್ನ ಒಂದು ಅಂಚು ಕಿತ್ತುಹೋಯಿತು. ಅವರ ಕಣ್ಣು ಮಂಜಾದ ಮೇಲೆ ಪಾಠಶಾಲೆಯ ಚಂದ್ರಚೂಡ ಶಾಸ್ತ್ರಿಗಳ ಪಾಲಾದೆ.

ಶಾಸ್ತ್ರಿಗಳು ದರ್ಶನಗಳನ್ನು ಕಲಿಸುತ್ತಿದ್ದರು. ಯಾವ ಕಾಲದಲ್ಲಿ ಯಾವ ಮತದವರು ಧರ್ಮ, ಪಾಪ, ಪರಲೋಕಗಳ ಬಗ್ಗೆ ಏನು ಹೇಳಿದರೆಂದು ಕೇಳಿದರೆ ಸಾಕು, ಊಟ ಮರೆತು ಹೇಳುವವರು. ಈ ವಿದ್ವಾಂಸರದು ಒಂದು ಪದ್ಧತಿ. ತಮ್ಮ ಮಾತು ಹೇಳುವ ಮೊದಲು ಎದುರಾಳಿಯ ಮಾತನ್ನು, ಅವನೇ ತಲೆದೂಗುವಷ್ಟು ಚೆನ್ನಾಗಿ ಹೇಳಬೇಕು. ಅದು ಪೂರ್ವಪಕ್ಷ. ಆಮೇಲೆ ಅದನ್ನು ಖಂಡಿಸಿ ತಮ್ಮ ಮಾತನ್ನು ನಿಲ್ಲಿಸುವುದು ಸಿದ್ಧಾಂತ. ಪೂರ್ವಪಕ್ಷದಲ್ಲಿ ಮೋಸ ಮಾಡುವವನು ವಿದ್ವಾಂಸನೇ ಅಲ್ಲ ಎಂದು ಶಾಸ್ತ್ರಿಗಳು ಶಿಷ್ಯರನ್ನು ಗದರುತ್ತಿದ್ದರು.

ಆ ವರ್ಷ ಮಠದ ಸಭೆಯಲ್ಲಿ ಅವರು ಪರಲೋಕ ಉಂಟೆಂದು ಸಾಧಿಸಬೇಕಿತ್ತು. ಅದಕ್ಕೆ ಮೊದಲು, ಇಲ್ಲ ಎನ್ನುವ ನಾಸ್ತಿಕರ ಮಾತು. ವಾರಗಟ್ಟಲೆ ನನ್ನೆದುರು ಕೂತು ಗಟ್ಟಿ ದನಿಯಲ್ಲಿ ಅದನ್ನೇ ಮಸೆದರು. ಸಿದ್ಧಾಂತ ಹೇಗೂ ಗೊತ್ತಿದ್ದದ್ದೇ, ಕೊನೆಗೆ ನೋಡಿಕೊಂಡರಾಯಿತೆಂದು ಬಿಟ್ಟರು. ಒಂದು ಬೆಳಿಗ್ಗೆ ಹೊಸ ದೃಷ್ಟಾಂತ ಹೊಳೆಯಿತೆಂದು ತೊಡೆ ತಟ್ಟಿಕೊಂಡು ಹೇಳಿದರು: "ಬದುಕಿರೋ ಮಗುವಿಗೂ ತುತ್ತು ಬಾಯಿಗಿಟ್ಟರೆ ತಾನೆ ಹೊಟ್ಟೆ ತುಂಬೋದು? ಬಾಯೇ ಬೂದಿಯಾದ ಮೇಲೆ ಪಿಂಡ ಎಲ್ಲಿಗಿಡ್ತೀರಿ?"

ಅಯ್ಯೋ, ಈ ಮನುಷ್ಯನಿಗೆ ಬುದ್ಧಿ ಬೇಡವೇ! ಗೋಡೆಯಾಚೆ ಅಡುಗೆಮನೆಯಲ್ಲಿ ಅವರ ಹೆಂಡತಿ ಕಾಮಾಕ್ಷಮ್ಮ ಇದ್ದರು. ಅವರ ಒಬ್ಬನೇ ಮಗ ನೀಲಕಂಠ, ಉಪನಯನವಾಗಿದ್ದವನು, ಮದುವೆಯ ವಯಸ್ಸಿಗೆ ಬರುವ ಮೊದಲೇ ಜ್ವರದಲ್ಲಿ ಹೋಗಿಬಿಟ್ಟಿದ್ದ. ಬೇರೆ ಮಾಡುವವರಿಲ್ಲದೆ ತಂದೆಯೇ ವರ್ಷವರ್ಷ ಅವನ ಶ್ರಾದ್ಧ ಮಾಡುತ್ತಿದ್ದರು. ವರ್ಷಕ್ಕೊಂದು ದಿನವಾದರೂ ಮಗನಿಗೆ ಉಣಿಸುತ್ತೇನೆಂಬ ಸಮಾಧಾನದಲ್ಲೇ ಆ ತಾಯಿ ಜೀವ ಹಿಡಿದಿದ್ದರು. ಒಳಗೆ ಪಾತ್ರೆ ಉಜ್ಜುವ ಸದ್ದು ನಿಂತುಹೋಯಿತು. ಶಾಸ್ತ್ರಿಗಳು ದೃಷ್ಟಾಂತವನ್ನು ಇನ್ನೊಮ್ಮೆ ಹೇಳಿ ನೋಡುತ್ತಿದ್ದರು.

ಶ್ರಾದ್ಧದ ದಿನ ಬಂತು. ಶಾಸ್ತ್ರಿಗಳು ಮಡಿಯುಟ್ಟು ಬಂದು ನೋಡಿದರೆ ಒಲೆ ತಣ್ಣಗಿದೆ, ಹೆಂಡತಿ ಪಡಸಾಲೆಯ ಕಂಬಕ್ಕೊರಗಿ ಕೂತಿದ್ದಾರೆ.

"ಬ್ರಾಹ್ಮಣರು ಬರೋ ಹೊತ್ತಾಯ್ತು. ಇನ್ನೂ ಒಲೆ ಹಚ್ಚಿಲ್ವೇನೇ?"

"ಯಾರಿಗೆ ಅಂತ ಮಾಡ್ಲಿ? ಬಾಯೇ ಬೂದಿಯಾಗಿದೆ ಅಂದ್ರಲ್ಲ."

ಅದು ತನ್ನ ಮಾತಲ್ಲ, ನಾಸ್ತಿಕರದು, ತಾನು ಬರೀ ಎತ್ತಿ ಹೇಳಿದ್ದು ಎಂದು ಶಾಸ್ತ್ರಿಗಳು ತೊದಲಿದರು. ನಾಸ್ತಿಕರು ಯಾರೂ ಈ ಮನೆಗೆ ಬಂದಿರಲಿಲ್ಲ, ತನಗೆ ಕೇಳಿಸಿದ್ದು ಗಂಡನ ದನಿಯೇ ಎಂದರು ಆಕೆ. ಶಾಸ್ತ್ರಿಗಳು ಗಡಿಬಿಡಿಯಿಂದ ನನ್ನನ್ನು ಬಿಡಿಸಿಟ್ಟು, ಗ್ರಂಥ ತೆರೆದು, ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಸಿದ್ಧಾಂತ ಹೇಳತೊಡಗಿದರು. ಶ್ರುತಿ ಹೀಗೆನ್ನುತ್ತದೆ, ಮಾಡಿದ ಕರ್ಮ ಫಲವಿಲ್ಲದೆ ಹೋಗದು, ಆದ್ದರಿಂದ ಜೀವಕ್ಕೆ ನಾಶವಿಲ್ಲ. ಬೆವರುತ್ತ ಹೇಳಿದರು. ಆಕೆ ಕಡೆಯವರೆಗೂ ಕೇಳಿದರು.

"ಆ ಬೂದಿಯ ಮಾತನ್ನೇ ಇದಕ್ಕಿಂತ ಚೆನ್ನಾಗಿ ಹೇಳಿದ್ರಿ" ಎಂದರು.

ನಾನು ದಂಗಾಗಿ ಹೋದೆ. ಎಷ್ಟೋ ವಾದಗಳನ್ನು ಕಂಡಿದ್ದೇನೆ. ಇಂಥ ಖಂಡನೆ ಕಂಡಿರಲಿಲ್ಲ.

ಶಾಸ್ತ್ರಿಗಳು ಗ್ರಂಥ ಮುಚ್ಚಿ ಅಡುಗೆಮನೆಗೆ ಹೋದರು. ಸೌದೆ ಎಳೆದ ಸದ್ದು, ಊದುಗೊಳವೆಯ ಸದ್ದು, ಹೊಗೆಗೆ ಕೆಮ್ಮು. ಹುಟ್ಟಿದಾರಭ್ಯ ಒಲೆ ಹಚ್ಚದ ಮನುಷ್ಯ ಹಾಗಲಕಾಯಿ ಹೆಚ್ಚುತ್ತಿದ್ದರು! ಯಾವುದೋ ಪಾತ್ರೆ ಉರುಳಿತು. ಕಾಮಾಕ್ಷಮ್ಮ ನನ್ನೆದುರು ಅಲುಗಾಡದೆ ಕೂತಿದ್ದರು. ಆಯಿತು, ಈ ತಾಯಿ ಇನ್ನು ಏಳುವುದಿಲ್ಲ ಎಂದು ನನಗೆ ಸಂಕಟವಾಯಿತು. ಒಳಗಿಂದ ಸೀದ ವಾಸನೆ ಬಂತು. ಆಕೆ ಮೂಗು ಅರಳಿಸಿದರು, ಸೆರಗು ಸಿಕ್ಕಿಸಿಕೊಂಡು ಎದ್ದರು.

"ನಾನು ಮಿಂದು ಬರೋ ತನಕ ಗೊಜ್ಜು ಮುಟ್ಬೇಡಿ. ಬೆಲ್ಲ ಕಮ್ಮಿಯಾದ್ರೆ ನೀಲು ತಿನ್ನಲ್ಲ."

ಮಠದ ಸಭೆಯಲ್ಲಿ ಶಾಸ್ತ್ರಿಗಳು ಆ ದೃಷ್ಟಾಂತ ಹೇಳಲೇ ಇಲ್ಲ. ಪೂರ್ವಪಕ್ಷ ಸಪ್ಪೆಯಾಯಿತೆಂದು ಪಂಡಿತರು ಗೊಣಗಿದರಂತೆ.

ಈಗ ಇಬ್ಬರೂ ಇಲ್ಲ. ನಾನು ಪಾಠಶಾಲೆಯ ಬೀರುವಿನ ಮೇಲೆ ಧೂಳು ತಿನ್ನುತ್ತ ಕೂತಿದ್ದೇನೆ. ಕೆಳಗೆ ಹೊಸ ಶಿಷ್ಯರು ಒಬ್ಬರಿಗಿಂತ ಒಬ್ಬರು ಜೋರಾಗಿ ಪೂರ್ವಪಕ್ಷ ಹೇಳುತ್ತಾರೆ. ಉತ್ತರ ಆಮೇಲೆ ಬರುತ್ತದೆಂದು ಅವರಿಗೇನೋ ಗೊತ್ತು. ಗೋಡೆಯಾಚೆ ಯಾರು ಕೇಳಿಸಿಕೊಂಡು ಅಷ್ಟಕ್ಕೇ ಎದ್ದುಹೋದರೋ ಎಂದು ನನಗೆ ಇವತ್ತಿಗೂ ಭಯವಾಗುತ್ತದೆ.